ಸಾಕ್ಷಿ ನಿಂತ ಜಾಗ

ಹೊಳೆನರಸೀಪುರ ಬಿಟ್ಟು ಹಾಸನದ ಕಡೆ ಹೊರಟರೆ, ಊರು ಮುಗಿದ ಮೇಲೆ ಬಲಕ್ಕೆ ಒಂದು ಖಾಸಗಿ ಕಾಲೇಜು ಸಿಗುತ್ತದೆ. ಮೂರಂತಸ್ತಿನ ಕಟ್ಟಡ. ಅದರ ನೆತ್ತಿಯ ಮೇಲೆ ಆಳೆತ್ತರದ ಸಿಮೆಂಟಿನ ಅಕ್ಷರಗಳಲ್ಲಿ ಕಾಲೇಜಿನ ಹೆಸರು. ಆ ಕಾಲೇಜಿನಲ್ಲಿ ನೀಲಾಂಬಿಕೆ ಇಪ್ಪತ್ತೆರಡು ವರ್ಷ ಇಂಗ್ಲಿಷ್ ಪಾಠ ಮಾಡಿದಳು. ಅವಳು ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿಯ ಮಗಳು. ಮೈಸೂರಿನಲ್ಲಿ ಎಂ.ಎ. ಓದುವಾಗ ಆಧುನಿಕೋತ್ತರ ಚಿಂತಕರ ಹುಚ್ಚು ಹಿಡಿದದ್ದು ಆಮೇಲೆ ಬಿಡಲೇ ಇಲ್ಲ. ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದಾಗ ಟ್ರಂಕಿನಲ್ಲಿ ಸೀರೆಗಿಂತ ಜೆರಾಕ್ಸ್ ಹಾಳೆಗಳೇ ಹೆಚ್ಚಿದ್ದವು ಎಂದು ಗಂಡ ಸಿದ್ದೇಶ್ವರ ಈಗಲೂ ನಗುತ್ತಾನೆ. ಅವನದು ಪೇಟೆಬೀದಿಯಲ್ಲಿ ಹಾರ್ಡ್‌ವೇರ್ ಅಂಗಡಿ.

ಅವಳು ಪಾಠ ಮಾಡುವ ಕಾಲೇಜಿನಲ್ಲೂ ಎಂ.ಎ. ಕೊನೆಯ ವರ್ಷಕ್ಕೆ ಆ ಚಿಂತಕರ ಮೇಲೆ ಒಂದು ಪತ್ರಿಕೆ ಇತ್ತು. ಅವರ ಹೆಸರುಗಳನ್ನು ಅವಳು ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಬರೆಸುತ್ತಿದ್ದಳು. ಮೊದಲೇ ಹೆಸರು ಕೇಳಿದರೆ ಹುಡುಗರು ಹೆದರಿ ಗೈಡು ಕೊಳ್ಳುತ್ತಾರೆ ಎಂಬುದು ಅವಳ ಅನುಭವ. ಅದಕ್ಕೇ, 'ಫ್ರಾನ್ಸಿನಲ್ಲಿ ಒಬ್ಬನಿದ್ದ' ಎಂದು ಅಜ್ಜಿಕಥೆಯ ಹಾಗೆ ಶುರು ಮಾಡುವಳು. ಪ್ರಗತಿ, ವಿಮೋಚನೆ, ಎಲ್ಲವೂ ಒಳ್ಳೆಯದರ ಕಡೆಗೇ ಸಾಗುತ್ತಿದೆ ಎನ್ನುವ ದೊಡ್ಡ ಕಥೆಗಳನ್ನು ಇನ್ನು ನಂಬಲಾಗದು, ಉಳಿದಿರುವುದು ಸಣ್ಣ ಜನರ ಸಣ್ಣ ಕಥೆಗಳು ಎಂದು ಒಬ್ಬ ಹೇಳಿದ್ದ. ಒಂದು ಪದದ ಅರ್ಥ ಆ ಪದದೊಳಗೆ ಕೂತಿರುವುದಿಲ್ಲ, ಇನ್ನೊಂದು ಪದಕ್ಕೆ ದಾಟುತ್ತದೆ, ಅಲ್ಲಿಂದ ಮತ್ತೊಂದಕ್ಕೆ, ಹೀಗೆ ಅರ್ಥ ಸದಾ ಮುಂದೂಡಿಕೊಳ್ಳುತ್ತಲೇ ಹೋಗುತ್ತದೆ ಎಂದು ಇನ್ನೊಬ್ಬ. ಬರೆದು ಮುಗಿಸಿದ ಗಳಿಗೆಯಲ್ಲೇ ಬರೆದವನು ಸತ್ತ, ಇನ್ನು ಅದು ಓದುವವನ ಸ್ವತ್ತು ಎಂದು ಮತ್ತೊಬ್ಬ. ಯಾರು ಹುಚ್ಚ, ಯಾರು ಅಪರಾಧಿ, ಯಾವುದು ತಿಳಿವಳಿಕೆ ಎಂದು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿದೆ ನೋಡಿ ಎಂದವನೂ ಅವರಲ್ಲಿದ್ದ. ದುಂಡನೆಯ ಸೆರೆಮನೆಯ ನಡುವೆ ಒಂದು ಗೋಪುರ ನಿಲ್ಲಿಸಿದರೆ ಸಾಕು, ಅದರಲ್ಲಿ ಕಾವಲುಗಾರ ಇಲ್ಲದಿದ್ದರೂ ಕೈದಿಗಳು ತಮ್ಮನ್ನು ತಾವೇ ಕಾಯುತ್ತಾರೆ ಎಂಬ ಅವನ ಮಾತಿಗೆ ಬಂದಾಗ ನೀಲಾಂಬಿಕೆ ತರಗತಿಯ ಮೂಲೆಯ ಕ್ಯಾಮೆರಾ ತೋರಿಸುತ್ತಿದ್ದಳು. ಅದು ಕೆಟ್ಟು ಎರಡು ವರ್ಷವಾಗಿದೆ, ಆದರೂ ಅದರ ಕೆಳಗೆ ಕೂತವರು ಬೆನ್ನು ನೆಟ್ಟಗೆ ಮಾಡುತ್ತೀರಿ ಎನ್ನುವಳು. ಹುಡುಗರು ನಗುತ್ತಿದ್ದರು. ನಿಜವಾಗಿಯೂ ಇಡೀ ಕಾಲೇಜಿನಲ್ಲಿ ಒಂದು ಕ್ಯಾಮೆರಾವೂ ಕೆಲಸ ಮಾಡುತ್ತಿರಲಿಲ್ಲ.

ಆ ಪಾಠವನ್ನು ಬಾಗಿಲಾಚೆ ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದವನು ಅಟೆಂಡರ್ ಹುಚ್ಚಯ್ಯ. ಐವತ್ತೆಂಟು ವರ್ಷ, ಹುರಿಗಟ್ಟಿದ ಮೈ. ಹರೆಯದಲ್ಲಿ ಎತ್ತು ಒದ್ದು ಎಡ ಮೊಣಕಾಲು ಸೆಟೆದುಕೊಂಡಿದ್ದರಿಂದ ನಡೆಯುವಾಗ ಒಂದು ಪಕ್ಕಕ್ಕೆ ವಾಲುತ್ತಿದ್ದ. ಗಂಟೆ ಹೊಡೆಯುವುದರಿಂದ ಹಿಡಿದು ಪ್ರಿನ್ಸಿಪಾಲರ ಮನೆಗೆ ಹಾಲು ತಲುಪಿಸುವವರೆಗೆ ಎಲ್ಲ ಕೆಲಸವೂ ಅವನದೇ. ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳ ಪೈಕಿ ಶೆಟ್ಟಿಹಳ್ಳಿಯ ಮಗ್ಗುಲಲ್ಲಿದ್ದ ಒಂದು ಊರಿನವನು. ಆಮೇಲೆ ಅವನ ಮನೆಯವರಿಗೆ ಅರಕಲಗೂಡಿನ ಆಚೆ, ರುದ್ರಪಟ್ಟಣದ ದಾರಿಯಲ್ಲಿ ಜಾಗ ಸಿಕ್ಕಿತು. ಹೆಂಡತಿ ಮಾಯಮ್ಮ ಅಲ್ಲೇ ಇದ್ದಳು. ಇವನು ವಾರಕ್ಕೊಮ್ಮೆ ಹೋಗಿ ಬರುತ್ತಿದ್ದ. ಮಗಳು ರಂಜಿನಿ ಇದೇ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದಳು. ಅಪ್ಪ ಗಂಟೆ ಹೊಡೆಯುವ ಕಾಲೇಜಿನಲ್ಲಿ ಓದಲು ಅವಳಿಗೆ ನಾಚಿಕೆ ಇರಲಿಲ್ಲ. ಮಧ್ಯಾಹ್ನ ಇಬ್ಬರೂ ಸೈಕಲ್ ಸ್ಟ್ಯಾಂಡಿನ ನೆರಳಲ್ಲಿ ಒಂದೇ ಡಬ್ಬಿಯಿಂದ ಉಣ್ಣುತ್ತಿದ್ದರು.

ಒಂದು ಬೇಸಿಗೆಯಲ್ಲಿ ನೀಲಾಂಬಿಕೆ ತನ್ನ ಹುಡುಗರನ್ನು ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋದಳು. ಹಿನ್ನೀರಿನಲ್ಲಿ ನಿಂತ ಪಾಳು ಚರ್ಚಿನ ಫೋಟೋ ತೆಗೆಯಲು ದೂರದೂರದಿಂದ ಜನ ಬರುತ್ತಾರೆ, ಫೋಟೋದೊಳಗಿನ ಚರ್ಚು ಮಾತ್ರ ನೋಡಿಕೊಂಡು ಹೋಗುತ್ತಾರೆ. ನಕಲೇ ಅಸಲನ್ನು ನುಂಗುತ್ತದೆ ಎಂದ ಚಿಂತಕನ ಮಾತನ್ನು ಅಲ್ಲೇ ನಿಂತು ಹೇಳಿಕೊಡಬೇಕೆಂದು ಅವಳ ಆಸೆ. ದಾರಿ ತೋರಿಸಲು ಹುಚ್ಚಯ್ಯನೂ ಬಂದಿದ್ದ. ಅವನು ಚರ್ಚಿನ ಕಡೆ ತಿರುಗಿಯೂ ನೋಡಲಿಲ್ಲ. ಅದಕ್ಕೆ ಬೆನ್ನು ಹಾಕಿ ನಿಂತು, ನೀರಿನ ಕಡೆ ಕೈ ಮಾಡಿ ಮಾಡಿ ತಮ್ಮ ಊರಿನ ಬಾವಿ, ಕಣ, ಮಾರಮ್ಮನ ಕಟ್ಟೆ ಎಲ್ಲೆಲ್ಲಿದ್ದವು ಎಂದು ಹೇಳಿದ. ನೀರು ಬಂದ ವರ್ಷ ಅವನಿಗೆ ಹದಿನಾಲ್ಕು. ಅವನ ತಾಯಿ ಬೀಸುವ ಕಲ್ಲಿನ ಮೇಲೆ ಕೂತು, ಅಂಗಳ ಒದ್ದೆಯಾಗುವವರೆಗೂ ಏಳಲಿಲ್ಲವಂತೆ. ಪೊಲೀಸಿನವರು ಕಲ್ಲಿನ ಸಮೇತ ಎತ್ತಿ ಗಾಡಿಗೆ ಹಾಕಿದರಂತೆ.

ಅದನ್ನೇ ಇಟ್ಟುಕೊಂಡು ನೀಲಾಂಬಿಕೆ ಒಂದು ಲೇಖನ ಬರೆದಳು. ಊರಿನವರು ಸ್ವಇಚ್ಛೆಯಿಂದ ಹೊರಟರು ಎಂದು ಸರ್ಕಾರದ ಕಡತ ಹೇಳುತ್ತದೆ, ಹುಚ್ಚಯ್ಯ ಹೀಗೆ ಹೇಳುತ್ತಾನೆ, ಕಡತಕ್ಕೆ ಮಾತ್ರ ಸತ್ಯ ಎಂಬ ಹೆಸರು ಸಿಕ್ಕಿದ್ದು ಹೇಗೆ ಎಂದು ಕೇಳಿದಳು. 'ನಿಷ್ಪಕ್ಷಪಾತ ಸಾಕ್ಷಿ ಎಂಬುದಿಲ್ಲ. ಸಾಕ್ಷಿ ನಿಂತ ಜಾಗ ಇದೆ, ಅಷ್ಟೆ' ಎಂಬ ವಾಕ್ಯ ಆ ಲೇಖನದಲ್ಲಿತ್ತು. ಹಾಸನದ ಪ್ರೆಸ್ಸೊಂದರಲ್ಲಿ ಅದೂ ಸೇರಿ ಹತ್ತು ಲೇಖನಗಳ ತೆಳ್ಳನೆಯ ಪುಸ್ತಕವಾಯಿತು. ಒಂದು ಪ್ರತಿಯನ್ನು ಹುಚ್ಚಯ್ಯನಿಗೂ ಕೊಟ್ಟಳು. ರಂಜಿನಿ ಓದಿ ಹೇಳಿದಳಂತೆ. ಅವನು ಮಾರನೆಯ ದಿನ ಬಂದು, ನಮ್ಮವ್ವನ ಹೆಸರು ಹಾಕಿದ್ದರೆ ಚೆನ್ನಾಗಿತ್ತು ಎಂದಷ್ಟೇ ಹೇಳಿದ. ನೀಲಾಂಬಿಕೆ ಹೆಸರು ಕೇಳಿಯೇ ಇರಲಿಲ್ಲ.

ಆ ವಾಕ್ಯ ಬಾಯಿಪಾಠ ಬರುತ್ತಿದ್ದ ಇನ್ನೊಬ್ಬನಿದ್ದ. ಸಾಲಗಾಮೆಯ ಕಡೆಯ ಬೇಸಾಯಗಾರರ ಮನೆಯ ಸಂಜಯ್ ಅವಳು ಕಂಡ ಶಿಷ್ಯರಲ್ಲೇ ಚುರುಕು. ಆಲೂಗೆಡ್ಡೆ ಕೀಳುವ ದಿನಗಳಲ್ಲೂ ತರಗತಿ ತಪ್ಪಿಸಿದವನಲ್ಲ. ಉಗುರಲ್ಲಿ ಮಣ್ಣಿಟ್ಟುಕೊಂಡೇ ಬಂದು ಮೊದಲ ಬೆಂಚಿನಲ್ಲಿ ಕೂರುತ್ತಿದ್ದ. ಎಂ.ಎ. ಮುಗಿಸಿದ ಮೇಲೆ ಅವಳೇ ಪ್ರಿನ್ಸಿಪಾಲರಿಗೆ ಹೇಳಿ ಅವನನ್ನು ಅತಿಥಿ ಉಪನ್ಯಾಸಕನಾಗಿ ಸೇರಿಸಿದಳು. ಪ್ರತಿ ವರ್ಷ ಜೂನ್‌ನಲ್ಲಿ ಮತ್ತೆ ಸಹಿ ಹಾಕಿಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವ ಕೆಲಸ ಅದು. ಮಕ್ಕಳಿಲ್ಲದ ನೀಲಾಂಬಿಕೆಗೆ ಅವನ ಮೇಲೆ ಒಂದು ಬಗೆಯ ಮಮತೆ ಬೆಳೆದಿತ್ತು. ಸಿದ್ದೇಶ್ವರನೂ ಅವನಿಗೆ ಒಬ್ಬಟ್ಟಿನ ದಿನ ಎಲೆ ಹಾಕಿಸುವಷ್ಟು ಹೊಂದಿಕೊಂಡಿದ್ದ.

ಮಾನ್ಯತೆ ಕೊಡುವ ತಂಡ ಕಾಲೇಜಿಗೆ ಬರುವುದು ಸೋಮವಾರ ಎಂದು ಗೊತ್ತಾಯಿತು. ಹಿಂದಿನ ದಿನ ಭಾನುವಾರವಾದರೂ ಅರ್ಧ ಕಾಲೇಜು ಅಲ್ಲೇ ಇತ್ತು. ನೀಲಾಂಬಿಕೆ ಎರಡನೇ ಮಹಡಿಯ ಸ್ಟಾಫ್ ರೂಮಿನಲ್ಲಿ ಕಡತ ಜೋಡಿಸುತ್ತಿದ್ದಳು. ಹನ್ನೊಂದು ಗಂಟೆಯ ಹೊತ್ತಿಗೆ ಕಿಟಕಿಯಿಂದ ನೋಡಿದಾಗ ಕೆಳಗೆ ಅಂಗಳದಲ್ಲಿ ಪ್ರಿನ್ಸಿಪಾಲ್ ಕೀರ್ತಿರಾಜ್ ನಿಂತಿದ್ದರು. ಎದುರಿಗೆ ಹುಚ್ಚಯ್ಯ. ಕೀರ್ತಿರಾಜ್ ತಮ್ಮ ಕೈಯಲ್ಲಿದ್ದ ಬಕೆಟ್ಟು, ಬಟ್ಟೆ ಅವನಿಗೆ ಕೊಟ್ಟರು. ಕಟ್ಟಡದ ನೆತ್ತಿಯ ಮೇಲಿನ ಅಕ್ಷರಗಳ ಕಡೆ ಕೈ ಎತ್ತಿ ತೋರಿಸಿದರು. ಅವು ಮಳೆಗೆ ಪಾಚಿಗಟ್ಟಿದ್ದವು. ಹುಚ್ಚಯ್ಯ ತನ್ನ ಮೊಣಕಾಲು ಮುಟ್ಟಿ ಏನೋ ಹೇಳಿದ. ಕೀರ್ತಿರಾಜ್ ಮತ್ತೆ ಮೇಲಕ್ಕೆ ಕೈ ತೋರಿಸಿ ಒಳಗೆ ಹೋದರು. ಅಷ್ಟು ನೋಡಿ ಅವಳು ಕಡತಕ್ಕೆ ಮರಳಿದಳು.

ಕಾಲು ಗಂಟೆಯೂ ಆಗಿರಲಿಲ್ಲ. ಸಿಮೆಂಟಿನ ಮೂಟೆ ಎತ್ತಿ ಹಾಕಿದಂಥ ಸದ್ದು, ಅದರ ಹಿಂದೆಯೇ ಬಕೆಟ್ಟು ಉರುಳಿದ ಸದ್ದು. ನೀಲಾಂಬಿಕೆ ಮೆಟ್ಟಿಲು ಹಾರಿಕೊಂಡು ಓಡಿ ಬಂದಾಗ ಅಲ್ಲಿಗೆ ಇನ್ನೂ ಯಾರೂ ತಲುಪಿರಲಿಲ್ಲ. ಅಂಗಳದಲ್ಲಿ ಬಿದ್ದಿದ್ದ ಹುಚ್ಚಯ್ಯನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕಣ್ಣು ತೆರೆದಿದ್ದವು. ತುಟಿ ಅಲ್ಲಾಡುತ್ತಿತ್ತು. ಏನು ಹೇಳುತ್ತಾನೆಂದು ಕಿವಿಯನ್ನು ಬಾಯಿಗೆ ತಾಗಿಸುವಷ್ಟು ಬಗ್ಗಿದಳು. ಮಾತೇನೂ ಬರಲಿಲ್ಲ. ಎಲೆಅಡಿಕೆಯ ವಾಸನೆ, ರಕ್ತದ ವಾಸನೆ, ಬೇರೆ ಏನೂ ಇರಲಿಲ್ಲ. ಹಾಸನದ ಆಸ್ಪತ್ರೆ ಮುಟ್ಟುವ ಮೊದಲೇ ಅವನು ಹೋಗಿಬಿಟ್ಟ.

ಮರಣೋತ್ತರ ಪರೀಕ್ಷೆಯಲ್ಲಿ ಬಿದ್ದ ಪೆಟ್ಟಿನಿಂದ ಸಾವು ಎಂದು ಬರೆದರು. ಕುಡಿದಿದ್ದನೇ ಎಂಬ ಪರೀಕ್ಷೆಯನ್ನು ಯಾರೂ ಕೇಳಲಿಲ್ಲ, ಯಾರಿಗೂ ಆಗ ಆ ಯೋಚನೆ ಇರಲಿಲ್ಲ. ಸೋಮವಾರ ಬರಬೇಕಿದ್ದ ತಂಡದ ಭೇಟಿ ಒಂದು ತಿಂಗಳು ಮುಂದೆ ಹೋಯಿತು. ಅಷ್ಟರೊಳಗೆ ವಿಚಾರಣೆ ಮುಗಿಸಿ ವರದಿ ಸಿದ್ಧವಾಗಿರಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ಮಂಡಳಿಯ ಇಬ್ಬರು ಸದಸ್ಯರು ವಿಚಾರಣೆಗೆ ಕೂತರು. ಹೇಳಿಕೆ ಬರೆದುಕೊಂಡು ವರದಿ ಸಿದ್ಧಪಡಿಸಲು ಕನ್ನಡ ಚೆನ್ನಾಗಿ ಬರೆಯುವವರು ಬೇಕೆಂದು ಸಂಜಯ್‌ನನ್ನು ಕೂರಿಸಿದರು.

ನೀಲಾಂಬಿಕೆಯ ಸರದಿ ಬಂದಾಗ ಕೀರ್ತಿರಾಜ್ ಅದೇ ಕೋಣೆಯ ಮೂಲೆಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅವಳ ಬಡ್ತಿಯ ಕಡತ ಆ ತಿಂಗಳು ಅವರ ಮೇಜಿನ ಮೇಲಿತ್ತು. ಪ್ರಿನ್ಸಿಪಾಲರು ಹುಚ್ಚಯ್ಯನಿಗೆ ಮೇಲೆ ಹತ್ತು ಎಂದು ಹೇಳಿದ್ದು ಕೇಳಿದಿರಾ ಎಂದು ಸದಸ್ಯರು ಕೇಳಿದರು. ಕೇಳಲಿಲ್ಲ, ಕೈ ತೋರಿಸಿದ್ದು ಕಂಡೆ ಎಂದಳು. ಹಾಗೆ ಕೈ ತೋರಿಸಿದ್ದಕ್ಕೆ ಏನರ್ಥ ಎಂದರು.

ಅವಳು ಸುಮ್ಮನಾದಳು. ಎರಡು ನಿಮಿಷವಾದರೂ ಹಾಗೇ ಕಳೆದಿರಬೇಕು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. "ಅದರ ಅರ್ಥ ಇದೇ ಅಂತ ನಾನು ಖಚಿತವಾಗಿ ಹೇಳೋಕಾಗಲ್ಲ. ನಾನು ಮೇಲಿದ್ದೆ. ನನಗೆ ಕಂಡಿದ್ದು ಒಂದು ದೃಶ್ಯ ಅಷ್ಟೆ."

ಸಂಜಯ್ ತಲೆ ಎತ್ತಿ ಅವಳನ್ನು ಒಮ್ಮೆ ನೋಡಿ, ಬರೆದುಕೊಂಡ. ಆ ಹೊತ್ತಿಗೆ ಕಾಲೇಜಿನಲ್ಲಿ ಹರಡತೊಡಗಿದ್ದ ಕುಡಿತದ ಮಾತಿನ ಬಗ್ಗೆ ಅವಳನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹೊರಗೆ ಬಂದ ಮೇಲೆ ತಾನು ಸುಳ್ಳು ಹೇಳಲಿಲ್ಲವಲ್ಲ ಎಂದುಕೊಂಡಳು. ಒಂದು ಸನ್ನೆಗೆ ಒಂದೇ ಅರ್ಥವಿರಬೇಕೆಂದು ಯಾರು ಹೇಳಿದರು, ಇಷ್ಟು ವರ್ಷ ನಂಬಿದ್ದನ್ನೇ ಪ್ರಾಮಾಣಿಕವಾಗಿ ಹೇಳಿದ್ದೇನೆ ಎಂದು ಸಮಾಧಾನ ಮಾಡಿಕೊಂಡಳು. ಮನೆಗೆ ಬಂದು ಸಿದ್ದೇಶ್ವರನಿಗೆ ಇದನ್ನೆಲ್ಲ ವಿವರಿಸಿದಳು. ಅವನು ಅಂಗಡಿಯ ಬೀಗದ ಕೈ ಗೂಟಕ್ಕೆ ಹಾಕುತ್ತ, ಬಕೆಟ್ಟು ಕೊಟ್ಟು ಮೇಲಕ್ಕೆ ಕೈ ತೋರಿಸಿದರೆ ಮತ್ತಿನ್ನೇನರ್ಥ ಎಂದು ಕೇಳಿದ. ಅವಳು ಎದ್ದು ಅಡುಗೆಮನೆಗೆ ಹೋದಳು.

ಮೂರನೇ ವಾರ ವರದಿ ಬಂತು. ಬಹಳ ಸೊಗಸಾಗಿ ಬರೆದಿದ್ದ ಸಂಜಯ್. ಘಟನೆಯ ಬಗ್ಗೆ ಹಲವು ನಿರೂಪಣೆಗಳಿವೆ. ಒಂದರ ಪ್ರಕಾರ ಮೃತನಿಗೆ ಕೆಲಸ ಹೇಳಲಾಗಿತ್ತು, ಇನ್ನೊಂದರ ಪ್ರಕಾರ ಅವನು ತಾನಾಗಿಯೇ ಹತ್ತಿದ. ಬೆಳಿಗ್ಗೆ ಅವನು ತೂರಾಡುತ್ತಿದ್ದನೆಂದು ವಾಚ್‌ಮನ್ ಹೇಳಿರುವುದರಿಂದ ಮದ್ಯ ಸೇವಿಸಿದ್ದನೆಂಬ ನಿರೂಪಣೆಯನ್ನೂ ತಳ್ಳಿಹಾಕುವಂತಿಲ್ಲ. ಪ್ರತಿ ಹೇಳಿಕೆಯೂ ಹೇಳಿದವರು ನಿಂತ ಜಾಗದಿಂದ ಹುಟ್ಟಿದ್ದು, ಯಾವ ಒಂದನ್ನೂ ಅಂತಿಮ ಸತ್ಯವೆಂದು ಎತ್ತಿಹಿಡಿಯಲು ಸಮಿತಿಗೆ ಆಧಾರವಿಲ್ಲ. ನೀಲಾಂಬಿಕೆ ಅದನ್ನು ಸ್ಟಾಫ್ ರೂಮಿನ ಅದೇ ಕಿಟಕಿಯ ಪಕ್ಕ ಕೂತು ಓದಿದಳು. ಅರ್ಧಕ್ಕರ್ಧ ಪದಗಳು ಅವಳವೇ. ತೂರಾಡುತ್ತಿದ್ದ ಎಂಬ ಸಾಲನ್ನು ಮತ್ತೊಮ್ಮೆ ಓದಿದಳು. ಹುಚ್ಚಯ್ಯ ದಿನಾ ಬೆಳಿಗ್ಗೆ ಹಾಗೇ ನಡೆಯುತ್ತಿದ್ದ. ಅದು ಸಂಜಯ್‌ಗೂ ಗೊತ್ತಿತ್ತು.

ಮಾಯಮ್ಮ ನೀಲಾಂಬಿಕೆಯ ಮನೆಗೆ ಬಂದದ್ದು ಅದಾಗಿ ಹತ್ತು ದಿನಕ್ಕೆ. ಅರಕಲಗೂಡಿನ ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದಳು. ಒಳಗೆ ಕರೆದರೂ ಜಗಲಿಯ ಮೇಲೇ ಕೂತಳು. ಅಳಲಿಲ್ಲ. ಊರಲ್ಲಿ ಏನೇನಾಗುತ್ತಿದೆ ಎಂದು ಒಂದೊಂದಾಗಿ ಹೇಳಿದಳು. ಹುಚ್ಚಯ್ಯ ಕುಡಿದು ಬಿದ್ದ ಎಂದು ಊರೆಲ್ಲ ಮಾತು. ರಂಜಿನಿಗೆ ಕಾಲೇಜಿನಲ್ಲಿ ಯಾರೋ ಹುಡುಗರು ಅದನ್ನೇ ಅಂದು ಆಡಿಕೊಂಡರಂತೆ, ಅವಳು ಕಾಲೇಜು ಬಿಟ್ಟಳು. ಮಗಳು ಹುಟ್ಟಿದ ವರ್ಷ ಬಿಟ್ಟ ಕುಡಿತವನ್ನು ಹುಚ್ಚಯ್ಯ ಆಮೇಲೆ ಮುಟ್ಟಿರಲಿಲ್ಲ.

"ಪರಿಯಾರ ಗಿರಿಯಾರ ಬುಟ್ಟಾಕಿ ಅವ್ವಾ," ಎಂದಳು ಮಾಯಮ್ಮ. "ಲಾಯರಪ್ಪ ಕೇಸ್ ಆಕ್ತೀನಿ ಅಂತವ್ನೆ, ಆಕ್ಲಿ. ನಂಗೆ ಬೇಕಾಗಿರೋದು ಒಂದೇ ಮಾತು. ಅವ್ನು ಕುಡ್ದಿರ್ನಿಲ್ಲ ಅಂತ ಯಾರಾನ ಓದ್ದೋರು ಬರ್ದು ಕೊಡ್ಬೇಕು. ನಿಮ್ ತೊಡೆ ಮ್ಯಾಲೆ ತಲೆ ಇಟ್ಟಿದ್ನಂತಲ್ಲ, ನಿಮಗೆ ಗೊತ್ತಾಗಿರ್ತದೆ."

ಗೊತ್ತಿದೆ ಎಂದಳು ನೀಲಾಂಬಿಕೆ. ಕೋರ್ಟಿಗೆ ಬಂದು ಹೇಳುತ್ತೇನೆ ಎಂದು ಮಾತು ಕೊಟ್ಟಳು. ಮಾಯಮ್ಮ ಎದ್ದು, ಅವಳ ಎರಡೂ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ನೀಲಾಂಬಿಕೆಗೆ ಆ ಕೈಗಳನ್ನು ಎಲ್ಲಿಡಬೇಕೋ ತಿಳಿಯದಾಯಿತು.

ಹಾಸನದ ಕೋರ್ಟಿನಲ್ಲಿ ಅವಳ ಸಾಕ್ಷಿಗೆ ದಿನ ಸಿಕ್ಕಿದ್ದು ಮುಂದಿನ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಅವಳ ಬಡ್ತಿಯ ಕಡತ ಸಹಿಯಾಗದೆ ವಾಪಸ್ಸು ಬಂದಿತ್ತು. ಅವಳು ಮಾಯಮ್ಮನ ಪರ ಎಂದು ತಿಳಿದ ಮೇಲೆ ಸ್ಟಾಫ್ ರೂಮಿನಲ್ಲಿ ಅವಳ ಪಕ್ಕದ ಕುರ್ಚಿಗಳು ಖಾಲಿ ಇರತೊಡಗಿದ್ದವು. ಕಟಕಟೆಯಲ್ಲಿ ನಿಂತು ಅವಳು ಎಲ್ಲವನ್ನೂ ಹೇಳಿದಳು. ಬಕೆಟ್ಟು ಕೊಟ್ಟದ್ದು, ಎರಡು ಸಲ ಕೈ ತೋರಿಸಿದ್ದು, ಹುಚ್ಚಯ್ಯ ಮೊಣಕಾಲು ಮುಟ್ಟಿಕೊಂಡದ್ದು, ಬಾಯಿಗೆ ಕಿವಿ ಇಟ್ಟಾಗ ಹೆಂಡದ ವಾಸನೆ ಇರಲಿಲ್ಲ ಎಂಬುದು. ಒಂದು ಪದಕ್ಕೂ ತಡವರಿಸಲಿಲ್ಲ.

ಆಡಳಿತ ಮಂಡಳಿಯ ವಕೀಲರು ಹಿರಿಯರು, ಮೃದು ಮಾತಿನವರು. ಮೊದಲು ವಿಚಾರಣೆಯಲ್ಲಿ ಅವಳೇ ಕೊಟ್ಟ ಹೇಳಿಕೆಯನ್ನು ಓದಿದರು. ಆಮೇಲೆ ಕೋಟಿನ ಒಳಗಿಂದ ತೆಳ್ಳನೆಯ ಪುಸ್ತಕವೊಂದನ್ನು ತೆಗೆದರು. ಅದರಲ್ಲಿ ಗುರುತಿಗೆ ಒಂದು ಚೀಟಿ ಇಟ್ಟಿತ್ತು. ಅವರ ಹಿಂದಿನ ಬೆಂಚಿನಲ್ಲಿ ಸಂಜಯ್ ತಲೆ ತಗ್ಗಿಸಿ ಕೂತಿದ್ದ.

"ಈ ಪುಸ್ತಕ ತಾವೇ ಬರೆದದ್ದಾ ಮೇಡಂ?"

"ಹೌದು."

"'ನಿಷ್ಪಕ್ಷಪಾತ ಸಾಕ್ಷಿ ಎಂಬುದಿಲ್ಲ. ಸಾಕ್ಷಿ ನಿಂತ ಜಾಗ ಇದೆ, ಅಷ್ಟೆ.' ಇದು ತಮ್ಮ ಮಾತೇ ತಾನೆ?"

"ನನ್ನದೇ. ಆದರೆ ಅದು ಸರ್ಕಾರದ ಕಡತದ ಬಗ್ಗೆ ಬರೆದದ್ದು. ಯಾರ ಮಾತು ಕಡತಕ್ಕೆ ಸೇರಲ್ವೋ ಅವರ ಪರವಾಗಿ ಬರೆದದ್ದು."

"ಹಾಗಂತ ಇಲ್ಲಿ ಎಲ್ಲೂ ಷರತ್ತು ಹಾಕಿಲ್ಲವಲ್ಲ. ಇರಲಿ. ಈವತ್ತು ತಾವು ನಿಂತ ಜಾಗ ಯಾವುದು? ಬಡ್ತಿ ಸಿಗದೆ ಆಡಳಿತ ಮಂಡಳಿ ಮೇಲೆ ಸಿಟ್ಟಾದವರ ಜಾಗ ಅಲ್ಲವಾ?"

ಕೋರ್ಟಿನಲ್ಲಿ ಯಾರೋ ನಕ್ಕರು. ನೀಲಾಂಬಿಕೆ ಹೇಳಲು ನೋಡಿದಳು. ಆ ಚಿಂತಕರು ಸತ್ಯವೇ ಇಲ್ಲ ಎಂದವರಲ್ಲ. ಸತ್ಯ ಎಂಬ ಮುದ್ರೆ ಒತ್ತುವ ಕೈ ಯಾರದು ಎಂದು ಕೇಳಿದವರು, ಸೆರೆಮನೆಯವರ, ಹುಚ್ಚಾಸ್ಪತ್ರೆಯವರ, ಊರು ಕಳೆದುಕೊಂಡವರ ಕಡೆಯಿಂದ ಕೇಳಿದವರು. ಒಬ್ಬ ಮನುಷ್ಯ ಕಟ್ಟಡದ ನೆತ್ತಿಯಿಂದ ಬಿದ್ದದ್ದನ್ನು ಅವರಲ್ಲಿ ಯಾರೂ ನಿರೂಪಣೆ ಎಂದು ಕರೆಯುತ್ತಿರಲಿಲ್ಲ. ಇದನ್ನು ಅರ್ಧ ಹೇಳುವಷ್ಟರಲ್ಲಿ ನ್ಯಾಯಾಧೀಶರು, ಪಾಠ ಬೇಡ ಮೇಡಂ, ಕೇಳಿದ್ದಕ್ಕೆ ಮಾತ್ರ ಹೇಳಿ ಎಂದರು. ಅದರಲ್ಲಿ ಕಠಿಣತೆ ಇರಲಿಲ್ಲ, ಆಯಾಸವಿತ್ತು. ಕೊನೆಗೆ ವಕೀಲರು ಒಂದೇ ಪ್ರಶ್ನೆ ಕೇಳಿ ಕೂತರು. ವಾಸನೆ ಇರಲಿಲ್ಲ ಎಂಬುದನ್ನು ಅಂದು ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ ಎಂದು. ನನ್ನನ್ನು ಯಾರೂ ಕೇಳಲಿಲ್ಲ ಎಂದಳು ನೀಲಾಂಬಿಕೆ. ಆ ಉತ್ತರ ತನ್ನ ಕಿವಿಗೇ ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ, ಕಟಕಟೆ ಇಳಿಯುವಾಗ ಮಾಯಮ್ಮ ಕೂತ ಕಡೆ ಅವಳು ನೋಡಲಿಲ್ಲ.

ಅದರ ಮುಂದಿನ ಭಾನುವಾರ ಸಂಜಯ್ ಮನೆಗೆ ಬಂದ. ಸಿದ್ದೇಶ್ವರ ಅವನನ್ನು ಕಂಡು, ಮಾತಾಡದೆ ಎದ್ದು ಅಂಗಡಿಗೆ ಹೋದ. ಪುಸ್ತಕ ವಕೀಲರಿಗೆ ಕೊಟ್ಟವನು ತಾನೇ ಎಂದು ಸಂಜಯ್ ಬಂದ ಕೂಡಲೇ ಒಪ್ಪಿಕೊಂಡ. ಕೀರ್ತಿರಾಜ್ ಕೇಳಿದರಂತೆ, ಇವನಿಗೆ ಇಲ್ಲ ಎನ್ನಲಾಗಲಿಲ್ಲವಂತೆ. ಅಕ್ಕನ ಮದುವೆ ಗೊತ್ತಾಗಿದೆ, ಜೂನ್‌ನಲ್ಲಿ ಸಹಿಯಾಗದಿದ್ದರೆ ತನ್ನ ಗತಿ ಏನು ಎಂದ. ನೀಲಾಂಬಿಕೆ ಅವನ ಉಗುರು ನೋಡುತ್ತ ಕೂತಿದ್ದಳು. ಈಗ ಸ್ವಚ್ಛವಾಗಿದ್ದವು.

"ವಾಚ್‌ಮನ್ ತೂರಾಡ್ತಿದ್ದ ಅಂದ ಅಂತ ಬರೆದೆ. ಅವನ ಕಾಲು ಹಾಗಿತ್ತು ಅಂತ ಯಾಕೆ ಬರೀಲಿಲ್ಲ ಸಂಜಯ್?"

ಅವನು ಕೈಗಳನ್ನು ಮಡಿಲಿಗೆ ಎಳೆದುಕೊಂಡ. "ಬರ್ದಿದ್ದೆ ಮೇಡಂ. ತೆಗಿ ಅಂದ್ರು, ತೆಗ್ದೆ," ಎಂದ. ಆಮೇಲೆ ದನಿ ಏರಿತು. "ನಾನು ಬರ್ದಿದ್ರಲ್ಲಿ ಸುಳ್ಳು ಒಂದೂ ಇಲ್ಲ ಕಣ್ ಮೇಡಂ. ಎಲ್ಲಾ ನೀವು ಹೇಳ್ಕೊಟ್ಟಿದ್ದೇಯ. ನೀವೂ ಅವತ್ತು ನನ್ ಎದ್ರುಗೇ ಖಚಿತವಾಗಿ ಹೇಳಕ್ಕಾಗಲ್ಲ ಅಂದ್ರಿ. ನೀವೇ ಅಂಗಂದ್ಮೇಲೆ ನಾನ್ ಯಾವ ಧೈರ್ಯದ ಮೇಲೆ ಬರೀಲಿ?"

ಅವನು ಅಳುತ್ತಿದ್ದ. ಹಿಂದೆ ಆಗಿದ್ದರೆ ತಲೆ ಸವರಿ ಕಾಫಿ ಕೊಡುತ್ತಿದ್ದಳು. ಆ ದಿನ ಹೋಗಿ ಬಾ ಎಂದಷ್ಟೇ ಹೇಳಿದಳು. ಅವನು ಚಪ್ಪಲಿ ಮೆಟ್ಟಿ ಗೇಟು ದಾಟಿದ ಮೇಲೂ ಬಹಳ ಹೊತ್ತು ಅವಳು ಆ ಕುರ್ಚಿಯಿಂದ ಏಳಲಿಲ್ಲ. ಸಂಜಯ್ ಹೇಳಿದ್ದರಲ್ಲಿ ಅವಳಿಗೆ ಚುಚ್ಚಿದ್ದು ಪಾಠದ ಮಾತಲ್ಲ. ವಿಚಾರಣೆಯ ದಿನ ಎರಡು ನಿಮಿಷ ಸುಮ್ಮನಿದ್ದಾಗ ತಾನು ಅರ್ಥದ ಬಗ್ಗೆ ಯೋಚಿಸುತ್ತಿರಲಿಲ್ಲ, ಮೂಲೆಯ ಕುರ್ಚಿಯಲ್ಲಿ ಕೂತವರ ಬಗ್ಗೆ ಯೋಚಿಸುತ್ತಿದ್ದೆ ಎಂಬುದು ಅವಳಿಗೆ ಈಗ ಅನುಮಾನಕ್ಕೆ ಎಡೆಯಿಲ್ಲದ ಹಾಗೆ ನೆನಪಾಗುತ್ತಿತ್ತು.

ಆದೇಶ ಮಳೆಗಾಲ ಹಿಡಿಯುವ ಹೊತ್ತಿಗೆ ಬಂತು. ಭಾನುವಾರ ಮೃತನಿಗೆ ಕೆಲಸ ವಹಿಸಲಾಗಿತ್ತೆಂಬುದು ಸಾಬೀತಾಗಿಲ್ಲ, ಸಾಕ್ಷಿಯ ನಂತರದ ಹೇಳಿಕೆ ಮೊದಲಿನ ಹೇಳಿಕೆಗೆ ಹೊಂದುವುದಿಲ್ಲ, ಮದ್ಯದ ವಿಷಯದಲ್ಲಿ ಅಭಿಪ್ರಾಯ ಹೇಳುವ ಅಗತ್ಯವಿಲ್ಲ ಎಂದಿತ್ತು. ಅರ್ಜಿ ವಜಾ ಆಯಿತು. ಮೇಲಿನ ಕೋರ್ಟಿಗೆ ಹೋಗಬಹುದು ಎಂದು ಮಾಯಮ್ಮನ ವಕೀಲ ಹೇಳಿದ. ಅವಳು ಬೇಡ ಎಂದಳಂತೆ.

ನೀಲಾಂಬಿಕೆ ಕಾಲೇಜಿಗೆ ರಾಜೀನಾಮೆ ಕೊಟ್ಟಳು. ಆ ಚಿಂತಕರ ಮೇಲಿನ ಪತ್ರಿಕೆಯನ್ನು ಈಗ ಸಂಜಯ್ ಪಾಠ ಮಾಡುತ್ತಾನೆ, ಚೆನ್ನಾಗಿಯೇ ಮಾಡುತ್ತಾನೆ ಎಂದು ಕೇಳಿದ್ದಾಳೆ. ಆದೇಶ ಬಂದ ಮರುವಾರ ಅವಳು ಒಬ್ಬಳೇ ಅರಕಲಗೂಡಿಗೆ ಹೋಗಿ, ಅಲ್ಲಿಂದ ರುದ್ರಪಟ್ಟಣದ ಬಸ್ಸು ಹಿಡಿದು ಮಾಯಮ್ಮನ ಊರಿನಲ್ಲಿ ಇಳಿದಳು. ಬೆಳಗಿನ ಒಂಬತ್ತು ಗಂಟೆ. ಕೆಸರಾದ ಓಣಿಯ ಕೊನೆಯಲ್ಲಿ ಹೆಂಚಿನ ಮನೆ. ಮಾಯಮ್ಮ ಅವಳನ್ನು ಕಂಡು ಆಶ್ಚರ್ಯಪಡಲಿಲ್ಲ. ಚಾಪೆ ಹಾಸಿದಳು. ನೀರು ಕೊಟ್ಟಳು. ಬರೆದು ತಂದಿದ್ದೇನೆ ಎಂದು ನೀಲಾಂಬಿಕೆ ಸಹಿ ಮಾಡಿದ ಹಾಳೆ ತೆಗೆದಳು. ಹುಚ್ಚಯ್ಯ ಅಂದು ಕುಡಿದಿರಲಿಲ್ಲ, ಅದಕ್ಕೆ ನಾನೇ ಸಾಕ್ಷಿ ಎಂದು ಅದರಲ್ಲಿ ಬರೆದಿದ್ದಳು.

ಮಾಯಮ್ಮ ಹಾಳೆ ಇಸಿದುಕೊಂಡು ನೋಡಿದಳು. ಓದಲು ಬರುತ್ತಿರಲಿಲ್ಲ. "ಇಲ್ಲೇ ನಮ್ ಬೀದಿಯೋರ್ ಮುಂದೆ ಬಾಯಲ್ಲಿ ಯೋಳ್ಬುಡಿ ಅವ್ವಾ," ಎಂದಳು. ಅವಳೇ ಹೋಗಿ ಅಕ್ಕಪಕ್ಕದವರನ್ನು ಕರೆದು ತಂದಳು. ಏಳೆಂಟು ಜನ ಸೇರಿದರು. ನಾಟಿಗೆ ಹೊರಟವರು, ಕಾಲು ಕೆಸರಾಗಿದ್ದವರು, ಬಾಗಿಲಲ್ಲಿ ನಿಂತರು. ನೀಲಾಂಬಿಕೆ ಎದ್ದು ನಿಂತು ಹೇಳಿದಳು. ಮಾತು ಅವಳಿಗೆ ಇಷ್ಟು ಭಾರ ಎಂದೂ ಆಗಿರಲಿಲ್ಲ. ಕೇಳಿದವರಲ್ಲಿ ಒಬ್ಬ ವಯಸ್ಸಾದವನು, ಕೋರ್ಟಿನಲ್ಲಿ ಏನಂದರು ಎಂದು ಕೇಳಿದ. ಸಾಬೀತಾಗಲಿಲ್ಲ ಅಂದರು ಎಂದು ನೀಲಾಂಬಿಕೆ ಹೇಳಬೇಕಾಯಿತು. ಅವನು ತಲೆದೂಗಿದ. ಅದು ಯಾವುದಕ್ಕೆ ತಲೆದೂಗಿದ್ದೋ ಅವಳಿಗೆ ತಿಳಿಯಲಿಲ್ಲ. ಒಬ್ಬೊಬ್ಬರಾಗಿ ಗದ್ದೆಗೆ ಹೋದರು.

ಆಗ ಒಳಗಿಂದ ರಂಜಿನಿ ಬಂದಳು. ಹಾಸನದ ಗಾರ್ಮೆಂಟ್ಸ್ ಒಂದಕ್ಕೆ ಸೇರಿದ್ದಳು, ಕುತ್ತಿಗೆಯಲ್ಲಿ ಗುರುತಿನ ಕಾರ್ಡಿತ್ತು. ವಾರದ ರಜೆ ಮುಗಿಸಿ ಮಧ್ಯಾಹ್ನದ ಪಾಳಿಗೆ ಹೊರಟಿದ್ದಳು. ಕಾಲೇಜಿನಲ್ಲಿ ಕಂಡ ಹುಡುಗಿಗಿಂತ ಸಣ್ಣಗಾಗಿದ್ದಳು. ಹೊಸ್ತಿಲ ಬಳಿ ನಿಂತು, ನೀಲಾಂಬಿಕೆಯ ಮುಖವನ್ನು ನೆಟ್ಟಗೆ ನೋಡಿ ಕೇಳಿದಳು.

"ಇದನ್ನ ನೀವು ಅವತ್ತೇ ಯಾಕ್ ಯೋಳ್ಲಿಲ್ಲ ಮೇಡಂ?"

ಕೋರ್ಟಿನಲ್ಲಿ ಕೊಟ್ಟ ಉತ್ತರ ನೀಲಾಂಬಿಕೆಯ ನಾಲಗೆಯ ತುದಿಗೆ ಬಂತು. ಅದನ್ನು ನುಂಗಿದಳು. ಇನ್ನೂ ಉದ್ದನೆಯ ಉತ್ತರಗಳಿದ್ದವು. ಹುಡುಗಿ ಬುದ್ಧಿವಂತೆ, ಹೇಳಿದ್ದರೆ ಅರ್ಥವೂ ಮಾಡಿಕೊಳ್ಳುತ್ತಿದ್ದಳು.

"ಹೆದರಿದ್ದೆ ಕಣಮ್ಮ," ಎಂದಳು.

ರಂಜಿನಿಯ ಮುಖ ಬದಲಾಗಲಿಲ್ಲ. ಇದಕ್ಕಿಂತ ದೊಡ್ಡದೇನನ್ನೋ ನಿರೀಕ್ಷಿಸಿದ್ದಳೋ, ಇಷ್ಟನ್ನೇ ನಿರೀಕ್ಷಿಸಿದ್ದಳೋ. "ಸರಿ ಬುಡಿ," ಎಂದು ಚಪ್ಪಲಿ ಹಾಕಿಕೊಂಡಳು. ಅವ್ವನಿಗೆ, ಅಕ್ಕಿ ಡಬ್ಬದ ಹಿಂದೆ ಮಾತ್ರೆ ಇಟ್ಟಿದ್ದೇನೆ, ಮರೆಯದೆ ನುಂಗು ಎಂದು ಹೇಳಿ, ಬ್ಯಾಗು ಹೆಗಲಿಗೇರಿಸಿ ಓಣಿಯ ಕೆಸರು ತಪ್ಪಿಸುತ್ತ ಬಸ್ಸಿಗೆ ನಡೆದಳು. ಅದೇ ಬಸ್ಸಿಗೆ ನೀಲಾಂಬಿಕೆಯೂ ಹೋಗಬೇಕಿತ್ತು. ಅವಳು ಹೋಗಲಿಲ್ಲ. ಮುಂದಿನ ಬಸ್ಸು ಎರಡು ಗಂಟೆಯ ಮೇಲೆ. ಮಾಯಮ್ಮ ಮೊರ ತಂದು ಅವಳ ಪಕ್ಕದಲ್ಲೇ ಕೂತು ಅವರೆಕಾಳು ಆರಿಸತೊಡಗಿದಳು.